ಅರವತ್ತು ಎಕರೆ, ನಾಲ್ಕು ಪಾಲು, ಒಂದೇ ಚಲನ್: ಸಿದ್ದಾಪುರ ಕಡೆಯ ಒಂದು ತೋಟದ ತೆರಿಗೆ ಪ್ರಕರಣ

2024ರ ಏಪ್ರಿಲ್ 26ಕ್ಕೆ ಮೈಸೂರು-ಕೊಡಗು ಕ್ಷೇತ್ರದಲ್ಲಿ ಮತದಾನ ಇತ್ತು. ಅದಕ್ಕೆ ಎರಡು ದಿನ ಮುಂಚೆ ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಅಮೆರಿಕದಲ್ಲಿರುವ ಪಿತ್ರಾರ್ಜಿತ ತೆರಿಗೆಯ ಮಾತೆತ್ತಿದರು. ಅವರ ಪಕ್ಷ ಅದಕ್ಕೂ ನಮಗೂ ಸಂಬಂಧವಿಲ್ಲ ಅಂತ ಕೈ ತೊಳೆದುಕೊಂಡಿತು. ಆದರೆ ಮಾತು ಆಗಲೇ ಘಟ್ಟ ಹತ್ತಿ ಬಂದಿತ್ತು. ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಅದು 'ಅಪ್ಪ ಸತ್ತರೆ ಅರ್ಧ ತೋಟ ಸರ್ಕಾರಕ್ಕೆ' ಅಂತ ತಿರುಗಾಡಿತು. ಚುನಾವಣೆ ಮುಗಿದರೂ ಭಯ ಮುಗಿಯಲಿಲ್ಲ.

ಆ ಭಯ ಇಟ್ಟುಕೊಂಡು ಒಂದು ಕುಟುಂಬ ಮೇ ತಿಂಗಳಲ್ಲಿ ನನ್ನ ಹತ್ತಿರ ಬಂತು. ರಿಟರ್ನ್ ತುಂಬುವುದು ನನ್ನ ಕೆಲಸ. ಕಾಫಿ ಬೆಳೆಗಾರರೇ ಜಾಸ್ತಿ ಬರುತ್ತಾರೆ. ಇವರ ಗುರುತು ಹತ್ತಬಾರದು ಅಂತ ಎಕರೆ, ಚೀಲ, ರೂಪಾಯಿ ಎಲ್ಲವನ್ನೂ ಸ್ವಲ್ಪ ಆಚೀಚೆ ಮಾಡಿ ದುಂಡು ಅಂಕಿಗೆ ತಂದಿದ್ದೇನೆ. ತೆರಿಗೆ ಲೆಕ್ಕದ ದಾರಿ ಮಾತ್ರ ಇದ್ದದ್ದು ಇದ್ದಂತೆಯೇ ಇದೆ.

ಕೊಡಗಿನ ಸಿದ್ದಾಪುರ ಕಡೆ 60 ಎಕರೆ ತೋಟ. ರೋಬಸ್ಟಾ, ನೆರಳು ಮರಗಳಿಗೆ ಹಬ್ಬಿಸಿದ ಕರಿಮೆಣಸು. ಅದರಲ್ಲಿ 18 ಎಕರೆ ಜಮ್ಮಾ ಬಾಣೆ, ಅಂದರೆ ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ. ಉಳಿದದ್ದು ಸಾಗು, ಅಂದರೆ ಪೂರ್ತಿ ಕಂದಾಯದ ಮಾಮೂಲಿ ಜಮೀನು. ಅಪ್ಪ 2022ರಲ್ಲಿ ತೀರಿಕೊಂಡರು. ಉಯಿಲು ಇಲ್ಲ. ಪಾಲುದಾರರು ನಾಲ್ವರು: ಅಮ್ಮ, ತೋಟ ನೋಡಿಕೊಳ್ಳುವ ದೊಡ್ಡ ಮಗ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗಳು, ದುಬೈಯಲ್ಲಿರುವ ಕಿರಿಯ ಮಗ. ತಲಾ ಕಾಲು ಪಾಲು.

ಅವರು ಕೇಳಿದ್ದು ಒಂದೇ. ಆಸ್ತಿ ತೆರಿಗೆ ಏನಾದರೂ ಬಂದರೆ ತಪ್ಪಿಸಿಕೊಳ್ಳಲು ಈಗಲೇ ತೋಟವನ್ನು ಒಂದು ಕಂಪನಿಗೋ ಟ್ರಸ್ಟಿಗೋ ಹಾಕಿಬಿಡೋಣವಾ?

ಹಾಗೆ ಮಾಡಿದರೆ ಏನಾಗುತ್ತದೆ ಅಂತ ನೋಡುವ ಮುಂಚೆ ಈಗ ಏನು ಕಟ್ಟುತ್ತಿದ್ದೀರಿ ತೋರಿಸಿ ಅಂದೆ. ದೊಡ್ಡ ಮಗ ಕಂದಾಯದ ರಶೀದಿ ತೆಗೆದಿಟ್ಟರು. ಇಡೀ 60 ಎಕರೆಯ ವರ್ಷದ ಕಂದಾಯ ಒಂದು ಚೀಲ ಚೆರಿಯ ಬೆಲೆಯೊಳಗೆ ಮುಗಿಯುತ್ತಿತ್ತು. ಬೇರೆ ಯಾವ ರಶೀದಿಯೂ ಇರಲಿಲ್ಲ.

ತೋಟದ ಲೆಕ್ಕ

ಹೊರಗಿನವರಿಗೆ ಒಂದು ಮಾತು. ಇಲ್ಲಿ ಒಣಗಿದ ಕಾಫಿ ಹಣ್ಣನ್ನು, ಅಂದರೆ ಚೆರಿಯನ್ನು, 50 ಕೆಜಿ ಚೀಲದ ಲೆಕ್ಕದಲ್ಲಿ ಮಾರುತ್ತಾರೆ. ವ್ಯಾಪಾರಿ ಸ್ಯಾಂಪಲ್ ತೆಗೆದು, ಸಿಪ್ಪೆ ಸುಲಿಸಿ, ತೇವ ನೋಡಿ, ಒಂದು ಚೀಲಕ್ಕೆ ಎಷ್ಟು ಕೆಜಿ ಬೇಳೆ ಬೀಳುತ್ತದೆ ಅಂತ ಹೇಳುತ್ತಾನೆ. ಅದೇ ಓಟಿ. 'ಇಪ್ಪತ್ತಾರು ಓಟಿ ಬಂತು, ಒಂದು ಓಟಿಗೆ ಇಷ್ಟು' ಅಂತ ರೇಟು ಕಟ್ಟುತ್ತಾರೆ. ಒಂದು ಓಟಿ ಆಚೀಚೆ ಆದರೆ ಲೋಡಿಗೆ ಸಾವಿರಾರು ರೂಪಾಯಿ ವ್ಯತ್ಯಾಸ. ದೊಡ್ಡ ಮಗನ ಹತ್ತಿರ ಈ ಚೀಟಿಗಳೆಲ್ಲ ಇದ್ದವು. ಒಂದೊಂದರ ಹಿಂದೆ ಪೆನ್ನಿನಲ್ಲಿ ಬರೆದ ಜಗಳದ ಲೆಕ್ಕವೂ ಇತ್ತು.

ಎಕರೆಗೆ ಸರಾಸರಿ 20 ಚೀಲ, ಒಟ್ಟು 1,200 ಚೀಲ. ಕರಿಮೆಣಸು ಸುಮಾರು 4 ಟನ್.

2019–20ರಲ್ಲಿ ಚೀಲಕ್ಕೆ ಅವರಿಗೆ ಸಿಕ್ಕಿದ್ದು 3,400 ರೂಪಾಯಿ. ಕಾಫಿಯಿಂದ 40.8 ಲಕ್ಷ, ಕೆಜಿಗೆ 320ರಂತೆ ಮೆಣಸಿನಿಂದ 12.8 ಲಕ್ಷ. ಗೊಬ್ಬರ, ಕಸಿ, ಮರ ಕಪಾತು, ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರಿಗೆ ಡೀಸೆಲ್, ಕೊಯ್ಲಿನ ಕೂಲಿ ಎಲ್ಲ ಸೇರಿ ಎಕರೆಗೆ 65,000, ಅಂದರೆ 39 ಲಕ್ಷ ಖರ್ಚು. ಉಳಿದದ್ದು 14.6 ಲಕ್ಷ.

2023–24ರಲ್ಲಿ ಕಥೆಯೇ ಬೇರೆ. ವಿಯೆಟ್ನಾಂನಲ್ಲಿ ಬೆಳೆ ಕಡಿಮೆಯಾಗಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಏರಿತು. ಇವರು ಅರ್ಧ ಕಾಫಿಯನ್ನು 7,500ಕ್ಕೆ, ಉಳಿದರ್ಧವನ್ನು 9,000ಕ್ಕೆ ಕೊಟ್ಟರು. ಇನ್ನೂ ಸ್ವಲ್ಪ ದಿನ ತಡೆದಿದ್ದರೆ 10,000 ಸಿಗುತ್ತಿತ್ತು ಅಂತ ಅಮ್ಮ ಇವತ್ತಿಗೂ ಮಗನಿಗೆ ಹೇಳುತ್ತಾರೆ. ಕಾಫಿ 99 ಲಕ್ಷ, ಮೆಣಸು 22 ಲಕ್ಷ. ಖರ್ಚೂ ಏರಿತ್ತು, ಎಕರೆಗೆ 85,000. ಎಲ್ಲ ಕಳೆದು 70 ಲಕ್ಷ ಉಳಿಯಿತು. ಒಬ್ಬೊಬ್ಬರ ಪಾಲಿಗೆ 17.5 ಲಕ್ಷ.

ಗಿಡ ಅದೇ, ಚೀಲದ ಸಂಖ್ಯೆ ಅದೇ. ನಾಲ್ಕು ವರ್ಷದಲ್ಲಿ ಉಳಿಕೆ ಹೆಚ್ಚುಕಮ್ಮಿ ಐದು ಪಟ್ಟಾಯಿತು. ಕಾಫಿಯ ಮೇಲೆ ತೆರಿಗೆ ಹಾಕುವ ಯಾರೇ ಆದರೂ ಈ ಎರಡು ಅಂಕಿಗಳನ್ನು ಒಟ್ಟಿಗೆ ಮುಂದಿಟ್ಟುಕೊಂಡು ಕೂರಬೇಕು. ತೋಟದವರಿಗೆ 14.6 ಲಕ್ಷದ ವರ್ಷ ಮಾತ್ರ ನೆನಪಿರುತ್ತದೆ. ಬೆಂಗಳೂರಿನಲ್ಲಿ ಕುಳಿತು ಬರೆಯುವವರ ಕಣ್ಣಿಗೆ 70 ಲಕ್ಷದ ವರ್ಷ ಮಾತ್ರ ಬೀಳುತ್ತದೆ.

ಯಾರು ಎಷ್ಟು ಕಟ್ಟಿದರು

ಈ 70 ಲಕ್ಷದ ಮೇಲೆ ನೇರವಾಗಿ ಬಿದ್ದ ಆದಾಯ ತೆರಿಗೆ ಸೊನ್ನೆ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(1) ಕೃಷಿ ಆದಾಯವನ್ನು ಹೊರಗಿಟ್ಟಿತ್ತು. ಚೆರಿಯನ್ನು ಕಣದಲ್ಲಿ ಒಣಗಿಸಿ ಹಾಗೇ ಮಾರಿದರೆ ಪೂರ್ತಿ ಕೃಷಿ ಆದಾಯ. ಮಿತಿ ಅಂತ ಇಲ್ಲ. 6 ಎಕರೆಗೂ ಸೊನ್ನೆ, 600 ಎಕರೆಗೂ ಸೊನ್ನೆ.

ಆದರೆ ಮಗಳ ಕಥೆ ಹಾಗಿಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇದೇ.

ಅವರ ಸಂಬಳ ವರ್ಷಕ್ಕೆ 28 ಲಕ್ಷ. ಹೊಸ ಪದ್ಧತಿಯಲ್ಲಿ ಆ ವರ್ಷದ 50,000 ಕಡಿತ ಕಳೆದರೆ 27.5 ಲಕ್ಷ. ತೋಟವೇ ಇಲ್ಲ ಅಂದುಕೊಂಡರೆ ಅವರ ತೆರಿಗೆ ಸೆಸ್ ಸೇರಿ 5.46 ಲಕ್ಷ. ಕಂಪನಿ ಅಷ್ಟನ್ನೂ ಸಂಬಳದಲ್ಲೇ ಹಿಡಿದಿತ್ತು. ತನ್ನ ಲೆಕ್ಕ ಮುಗಿಯಿತು ಅಂತ ಅವರು ನಿಶ್ಚಿಂತೆಯಾಗಿದ್ದರು.

ಮುಗಿದಿರಲಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ನಿಮ್ಮ ಬೇರೆ ಆದಾಯಕ್ಕೆ ಯಾವ ದರ ಅಂತ ನಿರ್ಧರಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 1973ರಿಂದ ಈ ಪದ್ಧತಿ ಇದೆ. ಮೊದಲು ಸಂಬಳ ಮತ್ತು ಕಾಫಿ ಪಾಲು ಕೂಡಿಸಿ ತೆರಿಗೆ ಹಾಕಬೇಕು. ಇಲ್ಲಿ ಅದು 45 ಲಕ್ಷಕ್ಕೆ 10.5 ಲಕ್ಷ. ಆಮೇಲೆ ಕಾಫಿ ಪಾಲಿಗೆ ಆ ವರ್ಷದ 3 ಲಕ್ಷದ ಮೂಲ ವಿನಾಯಿತಿ ಸೇರಿಸಿ, ಆ 20.5 ಲಕ್ಷಕ್ಕೆ ತೆರಿಗೆ ಹಾಕಬೇಕು. ಅದು 3.15 ಲಕ್ಷ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ 7.35 ಲಕ್ಷ. ಸೆಸ್ ಸೇರಿ 7.64 ಲಕ್ಷ.

ಅಂದರೆ ಕಾಫಿಯಲ್ಲಿ ಪಾಲು ಇದೆ ಅನ್ನುವ ಒಂದೇ ಕಾರಣಕ್ಕೆ ಅವರು 2,18,400 ರೂಪಾಯಿ ಹೆಚ್ಚು ಕಟ್ಟಬೇಕು. ಸಂಬಳದ ಕೆಳಗಿನ ಸ್ಲ್ಯಾಬುಗಳನ್ನೆಲ್ಲ ಕಾಫಿ ತುಂಬಿಬಿಡುತ್ತದೆ. 3 ಲಕ್ಷದ ವಿನಾಯಿತಿ ಬಿಟ್ಟು ಉಳಿದ ಸಂಬಳ ಪೂರ್ತಿ ಮೇಲಿನ ದರಕ್ಕೆ ಬೀಳುತ್ತದೆ.

ಅಣ್ಣ ಸಣ್ಣದೊಂದು ಹೋಮ್‌ಸ್ಟೇ ನಡೆಸುತ್ತಾರೆ. ಅದರ ಉಳಿಕೆ 3 ಲಕ್ಷದೊಳಗೆ. ಕೃಷಿಯಲ್ಲದ ಆದಾಯ ಮೂಲ ವಿನಾಯಿತಿ ದಾಟದಿದ್ದರೆ ಈ ಕೂಡಿಸುವ ಲೆಕ್ಕವೇ ಇಲ್ಲ. ಆದ್ದರಿಂದ ಅವರಿಗೆ ಸೊನ್ನೆ. ಅಮ್ಮನಿಗೆ ಬೇರೆ ಆದಾಯ ಇಲ್ಲ. ಸೊನ್ನೆ. ದುಬೈ ತಮ್ಮನಿಗೆ ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಇಲ್ಲಿ ಕಾಫಿ ಪಾಲಿಗೆ ವಿನಾಯಿತಿ. ಸೊನ್ನೆ.

ನಾಲ್ವರಿಗೆ ಸಿಕ್ಕಿದ್ದು ಸಮಪಾಲು. ಚಲನ್ ಬಂದದ್ದು ತಿಂಗಳ ಸಂಬಳಕ್ಕೆ ದುಡಿಯುವ ಒಬ್ಬರಿಗೆ ಮಾತ್ರ. ಮಗಳು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, 'ಹಾಗಾದ್ರೆ ಈ ಮನೆಯಲ್ಲಿ ಶ್ರೀಮಂತಳು ನಾನೊಬ್ಬಳೇನಾ?' ಅಂದರು. ಅಣ್ಣ ನಕ್ಕರು. ತಮ್ಮ ವಿಡಿಯೋ ಕಾಲ್‌ನಲ್ಲಿದ್ದರು, ಅವರೂ ನಕ್ಕರು. ಅಮ್ಮ ನಗಲಿಲ್ಲ.

ಸುಮ್ನೆ ಹೇಳುವುದಾದರೆ, ತೋಟದ ಲೈನ್ ಮನೆಯಲ್ಲಿರುವ ಕೆಲಸದವರೂ ತೆರಿಗೆ ಕಟ್ಟುತ್ತಿದ್ದಾರೆ. ಆಗ ಸೋಪಿನ ಮೇಲೆ 18% ಜಿಎಸ್‌ಟಿ ಇತ್ತು. ಕೇಳಿದರೆ ಅಂಗಡಿಯವನು ವಿನಾಯಿತಿ ಕೊಡುವುದಿಲ್ಲ ಅಲ್ವಾ.

ಹಾಗಂತ ಕೊಡಗು ಯಾವತ್ತೂ ಕಟ್ಟದ ಊರಲ್ಲ

ಎರಡನೇ ಸಲ ಬಂದಾಗ ಅಮ್ಮ ಒಂದು ಹಳೇ ಫೈಲು ತಂದಿದ್ದರು. ಒಳಗೆ ಅವರ ಮಾವನ ಕಾಲದ ಎಐಟಿ ನೋಟಿಸು, ಚಲನ್‌ಗಳು. ಎಐಟಿ ಅಂದರೆ ಕೃಷಿ ಆದಾಯ ತೆರಿಗೆ. ಇಲ್ಲಿನ ಹಿರಿಯ ಬೆಳೆಗಾರರಿಗೆ ಈ ಮೂರಕ್ಷರ ಚೆನ್ನಾಗಿ ನೆನಪಿದೆ. ಕೊಡಗು ಬೇರೆಯೇ ರಾಜ್ಯವಾಗಿದ್ದಾಗ 1951ರಲ್ಲೇ ಕೊಡಗಿಗೆ ತನ್ನದೇ ಕೃಷಿ ಆದಾಯ ತೆರಿಗೆ ಕಾಯ್ದೆ ಇತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1957ರ ಕಾಯ್ದೆ ಬಂತು. ತೋಟದ ಬೆಳೆಗಳ ಆದಾಯಕ್ಕೆ ರಾಜ್ಯವೇ ತೆರಿಗೆ ಹಾಕುತ್ತಿತ್ತು. ಲೆಕ್ಕಪತ್ರ ಇಡಲು ಕಷ್ಟ ಅನ್ನುವವರಿಗೆ ಎಕರೆಗೆ ಇಷ್ಟು ಅಂತ ಕಟ್ಟಿ ಮುಗಿಸುವ ದಾರಿಯೂ ಇತ್ತು.

ಆಗ ಅದು ವಸೂಲಾಗುತ್ತಿದ್ದದ್ದಕ್ಕೆ ಒಂದು ಕಾರಣ ಕಾಫಿ ಬೋರ್ಡಿನ ಪೂಲ್ ಅಂತ ನನ್ನ ಅಂದಾಜು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ಕಾಫಿಯನ್ನು ಬೋರ್ಡಿಗೇ ಕೊಡಬೇಕಿತ್ತು. ಬೋರ್ಡು ಹರಾಜು ಹಾಕಿ ಕಂತುಕಂತಾಗಿ ಹಣ ಕೊಡುತ್ತಿತ್ತು. ಹೀಗಾಗಿ ಯಾರ ತೋಟದಿಂದ ಎಷ್ಟು ಕಾಫಿ ಬಂತು, ಎಷ್ಟು ಹಣ ಹೋಯಿತು ಅನ್ನುವುದಕ್ಕೆ ಬೋರ್ಡಿನ ಪುಸ್ತಕವೇ ಸಾಕ್ಷಿ. ಮುಚ್ಚಿಡಲು ಜಾಗವೇ ಇರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲವಾಗಿ, 1996ಕ್ಕೆ ಪೂಲ್ ಪೂರ್ತಿ ಹೋಯಿತು. ಬೆಳೆಗಾರರಿಗೆ ಅದರಿಂದ ಒಳ್ಳೆಯದೇ ಆಯಿತು. ಮಾರುವ ಸ್ವಾತಂತ್ರ್ಯ ಸಿಕ್ಕಿತು. ಆದರೆ ಆದಾಯದ ಸಾಕ್ಷಿ ನೂರಾರು ವ್ಯಾಪಾರಿಗಳ ಚೀಟಿಗಳಲ್ಲಿ ಚದುರಿ ಹೋಯಿತು. ಇವತ್ತು ಇಂಥ ಕುಟುಂಬದ ತೋಟಗಳು ರಾಜ್ಯಕ್ಕೆ ಎಐಟಿ ಕಟ್ಟುತ್ತಿಲ್ಲ.

ಕೇಂದ್ರ ಯಾಕೆ ಹಾಕುವುದಿಲ್ಲ ಅಂತ ಮಗಳು ಕೇಳಿದರು. ಸಂವಿಧಾನದಲ್ಲಿ ಕೃಷಿ ಆದಾಯದ ತೆರಿಗೆ ರಾಜ್ಯದ ಪಟ್ಟಿಯಲ್ಲಿದೆ. ಕೇಂದ್ರಕ್ಕೆ ಅದು ಬಿಟ್ಟು ಉಳಿದ ಆದಾಯ. ಆಸ್ತಿಯ ವಿಷಯದಲ್ಲೂ ಕೇಂದ್ರದ ಪಟ್ಟಿ 'ಕೃಷಿ ಭೂಮಿ ಬಿಟ್ಟು' ಅಂತಲೇ ಹೇಳುತ್ತದೆ. ಆದರೂ ಒಮ್ಮೆ ಕೇಂದ್ರ ಕೈ ಹಾಕಿತ್ತು. ನಿಕೊಲಸ್ ಕಾಲ್ಡೋರ್ ಅನ್ನುವ ಅರ್ಥಶಾಸ್ತ್ರಜ್ಞರ ಸಲಹೆ ಮೇಲೆ ಟಿ.ಟಿ. ಕೃಷ್ಣಮಾಚಾರಿ 1957ರಲ್ಲಿ ಸಂಪತ್ತು ತೆರಿಗೆ ತಂದರು. 1969ರಲ್ಲಿ ಅದಕ್ಕೆ ಕೃಷಿ ಭೂಮಿಯನ್ನೂ ಸೇರಿಸಿದರು. ಪಂಜಾಬಿನ ಹರ್ಭಜನ್ ಸಿಂಗ್ ಧಿಲ್ಲೋನ್ ಕೋರ್ಟಿಗೆ ಹೋದರು. 1971ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರಿಂದ ಸಂಸತ್ತಿನ ಪರ ನಿಂತಿತು. ಅಂದರೆ ಸ್ವಲ್ಪ ಕಾಲ ಕಾಫಿ ತೋಟವೂ ಸಂಪತ್ತು ತೆರಿಗೆಯ ಲೆಕ್ಕಕ್ಕೆ ಬಂದಿತ್ತು. 1980ರ ದಶಕದ ಆರಂಭದಲ್ಲಿ ಮೊದಲು ಬೇರೆ ಹೊಲಗದ್ದೆಗಳಿಗೆ, ಆಮೇಲೆ ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳಿಗೂ ವಿನಾಯಿತಿ ಕೊಟ್ಟರು.

ಕೊನೆಕೊನೆಗೆ ಆ ತೆರಿಗೆಯಲ್ಲಿ ಉಳಿದಿದ್ದದ್ದು ಎರಡನೇ ಮನೆ, ಕಾರು, ಒಡವೆ, ಪೇಟೆ ಸೈಟು ಇಂಥವು. 30 ಲಕ್ಷ ಮೀರಿದ್ದಕ್ಕೆ 1%. ದೇಶಕ್ಕೆಲ್ಲ ಸೇರಿ 2013–14ರಲ್ಲಿ ಬಂದದ್ದು 1,008 ಕೋಟಿ. ವಸೂಲಿಯ ಗೋಳು ಜಾಸ್ತಿ, ಹುಟ್ಟುವಳಿ ಕಡಿಮೆ ಅಂತ ಅರುಣ್ ಜೇಟ್ಲಿ 2015ರ ಬಜೆಟ್ಟಿನಲ್ಲಿ ಅದನ್ನು ತೆಗೆದು, ಕೋಟಿ ಮೀರಿದ ಆದಾಯಕ್ಕೆ 2% ಹೆಚ್ಚುವರಿ ಸರ್ಚಾರ್ಜ್ ಹಾಕಿದರು. ಸತ್ತವರ ಆಸ್ತಿ ಮೇಲಿನ ಎಸ್ಟೇಟ್ ಡ್ಯೂಟಿ 1953ರಲ್ಲಿ ಬಂದು 1985ರಲ್ಲಿ, ವಿ.ಪಿ. ಸಿಂಗ್ ಹಣಕಾಸು ಮಂತ್ರಿಯಾಗಿದ್ದಾಗ, ಹೋಯಿತು. ಒಟ್ಟಿನಲ್ಲಿ ಇವತ್ತು ಬರೀ ಆಸ್ತಿ ಇದೆ ಅನ್ನುವುದಕ್ಕೆ ಕೇಂದ್ರಕ್ಕೆ ಕಟ್ಟಬೇಕಾದ್ದು ಏನೂ ಇಲ್ಲ.

ಭೂಮಿತಿಯ ಮಾತೂ ಇಲ್ಲಿ ಸೇರಬೇಕು. ದೇವರಾಜ ಅರಸರ ಕಾಲದ ಭೂ ಸುಧಾರಣೆ ಗದ್ದೆಗಳನ್ನು ಅಲುಗಾಡಿಸಿತು. ತೋಟಗಳನ್ನು ಮುಟ್ಟಲಿಲ್ಲ. ಕಾಯ್ದೆಯ ಸೆಕ್ಷನ್ 104 ಪ್ಲಾಂಟೇಶನ್‌ಗಳನ್ನು ಮಿತಿಯಿಂದ ಹೊರಗಿಟ್ಟಿದೆ. ಎಷ್ಟು ಎಕರೆ ಕಾಫಿ ಬೇಕಾದರೂ ಇಟ್ಟುಕೊಳ್ಳಬಹುದು.

ಭಯದ ಲೆಕ್ಕ

ಇಷ್ಟಾದ ಮೇಲೆ ಅವರ ಮೂಲ ಭಯಕ್ಕೆ ಬಂದೆವು. ಹೊಸ ಆಸ್ತಿ ತೆರಿಗೆ ಬಂದೇಬಿಟ್ಟರೆ?

ಆಗ ಚರ್ಚೆಯಲ್ಲಿದ್ದ ಒಂದು ಗಟ್ಟಿ ಪ್ರಸ್ತಾಪ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ತೋಮಾ ಪಿಕೆಟ್ಟಿ ಮತ್ತು ಜೊತೆಗಾರರದ್ದು. ಭಾರತದ ಒಟ್ಟು ಸಂಪತ್ತಿನ 40.1% ಮೇಲಿನ 1% ಜನರ ಕೈಯಲ್ಲಿದೆ ಅಂತ 2022–23ಕ್ಕೆ ಅವರ ಲೆಕ್ಕ. 10 ಕೋಟಿ ಮೀರಿದ ನಿವ್ವಳ ಸಂಪತ್ತಿಗೆ ವರ್ಷಕ್ಕೆ 2%, 10 ಕೋಟಿ ಮೀರಿದ ಪಿತ್ರಾರ್ಜಿತಕ್ಕೆ 33% ಹಾಕಿ ಅನ್ನುವುದು ಸಲಹೆ. ಇದು ಕಾನೂನಲ್ಲ, ಸಂಶೋಧಕರ ಪ್ರಸ್ತಾಪ. ಆದರೂ ಲೆಕ್ಕಕ್ಕೆ ಒಂದು ಅಳತೆ ಬೇಕಲ್ಲ.

ತೋಟಕ್ಕೆ ಎಕರೆಗೆ 20 ಲಕ್ಷ ಅಂತ ಹಿಡಿದೆವು. 12 ಕೋಟಿ. ಮೀರಿದ ಭಾಗಕ್ಕೆ ಮಾತ್ರ ತೆರಿಗೆ ಅಂದುಕೊಂಡರೆ, ಅಪ್ಪ ಬದುಕಿದ್ದಾಗ ಅವರೊಬ್ಬರ ಹೆಸರಿನಲ್ಲಿ ವರ್ಷಕ್ಕೆ 4 ಲಕ್ಷ ಆಗುತ್ತಿತ್ತು. 70 ಲಕ್ಷ ಉಳಿದ ವರ್ಷ 4 ಲಕ್ಷ ಅಂದರೆ ಒಂದು ಮದುವೆಯ ಖರ್ಚಿನಲ್ಲಿ ಕಾಣದೇ ಹೋಗುವ ಮೊತ್ತ. 14.6 ಲಕ್ಷ ಉಳಿದ ವರ್ಷ ಅದು ಉಳಿಕೆಯ ಕಾಲು ಭಾಗಕ್ಕಿಂತ ಜಾಸ್ತಿ. ಪಿತ್ರಾರ್ಜಿತದ 33% ಇನ್ನೂ ಸ್ಪಷ್ಟ: 2 ಕೋಟಿಗೆ 66 ಲಕ್ಷ. ಅಪ್ಪ ಒಳ್ಳೆಯ ಬೆಲೆಯ ವರ್ಷ ತೀರಿಕೊಂಡಿದ್ದರೆ ಒಂದು ವರ್ಷದ ಉಳಿಕೆಯಲ್ಲಿ ಮುಗಿಯುತ್ತಿತ್ತು. 2019–20ರಲ್ಲಾಗಿದ್ದರೆ ನಾಲ್ಕೂವರೆ ವರ್ಷದ ಉಳಿಕೆ. ಸಾಯುವವರು ಲಂಡನ್ ಮಾರುಕಟ್ಟೆ ನೋಡಿ ಸಾಯುವುದಿಲ್ಲವಲ್ಲ.

ಆದರೆ ಈಗ ನಾಲ್ಕು ಪಾಲಾದ ಮೇಲೆ ತಲಾ 3 ಕೋಟಿ. ಆ ಪ್ರಸ್ತಾಪದ ಗೆರೆಯ ಹತ್ತಿರಕ್ಕೂ ಇವರು ಬರುವುದಿಲ್ಲ. ಕಂಪನಿ, ಟ್ರಸ್ಟು ಅಂತ ಹೋದರೆ ಇರುವ ಸುಖವೂ ಹಾಳು. ಪಾಲು ಪಟ್ಟಿಗೂ ಮನೆಯೊಳಗಿನ ದಾನಪತ್ರಕ್ಕೂ ಸ್ಟಾಂಪ್ ಶುಲ್ಕ ನಿಗದಿತ ಸಣ್ಣ ಮೊತ್ತ. ಕಂಪನಿಗೆ ಬರೆದುಕೊಟ್ಟರೆ ಬೆಲೆಯ ಮೇಲೆ ಪೂರ್ತಿ ಶುಲ್ಕ. 18 ಎಕರೆ ಜಮ್ಮಾ ಬಾಣೆಯ ಆರ್‌ಟಿಸಿಯಲ್ಲಿ ಇನ್ನೂ ಅಜ್ಜನ ತಲೆಮಾರಿನ ಪಟ್ಟೆದಾರರ ಹೆಸರೇ ಇದೆ. ಮರಗಳ ವಿಷಯದಲ್ಲಿ ಯಾವ ಭಾಗ ರಿಡೀಮ್ಡ್, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಪಡೆದದ್ದು, ಯಾವುದು ಅಲ್ಲ ಅನ್ನುವುದೂ ಬಗೆಹರಿದಿಲ್ಲ. ಇದನ್ನೆಲ್ಲ ಕಂಪನಿಗೆ ದಾಟಿಸಲು ಹೊರಟರೆ ಮಡಿಕೇರಿ ಕಚೇರಿಗಳಿಗೆ ಅಲೆಯುವುದರಲ್ಲೇ ಆಯುಷ್ಯ ಮುಗಿಯುತ್ತದೆ. ಬೇಡ ಅಂದೆ.

ಬೆಲೆ ಕಟ್ಟುವ ಕಷ್ಟ ಬೇರೆ. 20 ಲಕ್ಷ ಅನ್ನುವುದು ಬಾಯಿಮಾತಿನ ರೇಟು. ಸರ್ಕಾರದ ಮಾರ್ಗಸೂಚಿ ಬೆಲೆ 2023ರ ಅಕ್ಟೋಬರ್‌ನಲ್ಲಿ ಏರಿದ ಮೇಲೂ ಅದಕ್ಕಿಂತ ಕೆಳಗೇ ಇತ್ತು. ಯಾವುದಕ್ಕೆ ತೆರಿಗೆ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿ ತೋಟಕ್ಕೆ ತೋಟವೇ ಹೊಳೆಗೆ ಹೋಯಿತು. ದಾಖಲೆಯಲ್ಲಿ ಎಕರೆ ಹಾಗೇ ಇತ್ತು.

ಪುಡಿ ಮಾಡಿದರೆ ತೆರಿಗೆ, ಮಾರಿಬಿಟ್ಟರೆ ಇಲ್ಲ

ಅಣ್ಣನಿಗೆ ಎರಡು ಯೋಚನೆ ಇತ್ತು. ಒಂದು, ಹೋಮ್‌ಸ್ಟೇ ಅತಿಥಿಗಳಿಗೆ ತೋಟದ್ದೇ ಕಾಫಿ ಪುಡಿ ಮಾರುವುದು. ಇನ್ನೊಂದು, ರಸ್ತೆ ಬದಿಯ 15 ಎಕರೆ ಸಾಗು ಜಾಗವನ್ನು ಬೆಂಗಳೂರಿನ ಒಬ್ಬರಿಗೆ ಕೊಡುವುದು. ಎಕರೆಗೆ 25 ಲಕ್ಷ ಕೇಳಿ ಬಂದಿದ್ದರು.

ಮೊದಲನೆಯದಕ್ಕೆ ಆಗಿನ ಆದಾಯ ತೆರಿಗೆ ನಿಯಮ 7ಬಿ ಅಡ್ಡ ಬರುತ್ತಿತ್ತು. ಬೆಳೆದವರೇ ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ತೆಗೆದು ಬೇಳೆ ಸಿದ್ಧಮಾಡಿ, ಮಾರಿದರೆ ಆದಾಯದ 25% ವ್ಯಾಪಾರದ್ದು ಅಂತ ಲೆಕ್ಕ. ಹುರಿದು ಪುಡಿ ಮಾಡಿ ಮಾರಿದರೆ 40%. ಜೊತೆಗೆ ಈ ವ್ಯಾಪಾರದ ಭಾಗ ಹೋಮ್‌ಸ್ಟೇ ಆದಾಯಕ್ಕೆ ಸೇರಿ ಮೂಲ ವಿನಾಯಿತಿ (ಆಗ 3 ಲಕ್ಷ) ದಾಟಿದರೆ, ತಂಗಿಗೆ ಬಂದ ಕೂಡಿಸುವ ಲೆಕ್ಕ ಅಣ್ಣನಿಗೂ ಬರುತ್ತದೆ.

ಎರಡನೆಯದಕ್ಕೆ ಏನೂ ಇಲ್ಲ. 15 ಎಕರೆಗೆ 3.75 ಕೋಟಿ. ಮಡಿಕೇರಿ, ವಿರಾಜಪೇಟೆಯಷ್ಟು ಜನಸಂಖ್ಯೆಯ ಪೇಟೆಗಳ ಗಡಿಯಿಂದ ನೇರ ದೂರ 2 ಕಿಲೋಮೀಟರ್ ದಾಟಿದರೆ ಅದು ಗ್ರಾಮೀಣ ಕೃಷಿ ಭೂಮಿ. ಕಾನೂನಿನ ಕಣ್ಣಿಗೆ ಅದು ಬಂಡವಾಳ ಆಸ್ತಿಯೇ ಅಲ್ಲ. ಭೂಪರಿವರ್ತನೆ ಮಾಡಿಸದೆ ಕೃಷಿ ಭೂಮಿಯಾಗಿಯೇ ಮಾರಿದರೆ ಲಾಭದ ಮೇಲೆ ತೆರಿಗೆ ಇಲ್ಲ. ಅದೇ ಮಗಳು ಲಿಸ್ಟ್ ಆದ ಕಂಪನಿಯ ಷೇರು ಒಂದು ವರ್ಷ ಇಟ್ಟು ಮಾರಿದ್ದರೆ, 1 ಲಕ್ಷ ಮೀರಿದ ಲಾಭಕ್ಕೆ ಆಗ 10% ಕಟ್ಟಬೇಕಿತ್ತು.

ಇದನ್ನು ಎರಡು ಸಲ ಹೇಳಬೇಕು. ಕಾಫಿ ಪುಡಿ ಮಾಡಿ ನಾಲ್ಕು ಜನರಿಗೆ ಕೆಲಸ ಕೊಟ್ಟರೆ ತೆರಿಗೆ. ಗಿಡಗಳ ಸಮೇತ ನೆಲ ಮಾರಿ ಕೈ ಒರೆಸಿಕೊಂಡರೆ ತೆರಿಗೆ ಇಲ್ಲ.

ಕೊಳ್ಳುವವರಿಗೂ ಇದೇ ಆಕರ್ಷಣೆ.  ತೋಟ ಕೊಂಡರೆ ವರ್ಷದ ಆದಾಯಕ್ಕೆ ವಿನಾಯಿತಿ, ಮಾರುವಾಗಲೂ ವಿನಾಯಿತಿ. ಬೇರೆ ಕಡೆಯ ಹಣವನ್ನು ಕಾಫಿಯ ಆದಾಯ ಅಂತ ತೋರಿಸುವವರಿಗೂ ಇದು ಅನುಕೂಲ. ಇದು ನನ್ನ ಕಲ್ಪನೆಯಲ್ಲ. ಕೃಷಿ ಆದಾಯದ ವಿನಾಯಿತಿ ಕೇಳಿದ 6,778 ಪ್ರಕರಣಗಳನ್ನು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ ದೇಶಾದ್ಯಂತ ಪರಿಶೀಲಿಸಿದಾಗ 1,527ರಲ್ಲಿ ಸರಿಯಾದ ದಾಖಲೆ ಇಲ್ಲದೆಯೇ ವಿನಾಯಿತಿ ಕೊಟ್ಟದ್ದು ಕಂಡಿತು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕೊಡಗಿನ ಮಟ್ಟಿಗೆ ಎಕರೆಯ ಬೆಲೆ ಹಿಡಿದು ಪ್ರತಿ ವರ್ಷ ಹಾಕುವ ಸಂಪತ್ತು ತೆರಿಗೆ ಕೆಲಸ ಮಾಡುವುದಿಲ್ಲ. ನೆಲದ ಬೆಲೆ ಏರುತ್ತಲೇ ಹೋಗುತ್ತದೆ, ಕೈಗೆ ಬರುವ ದುಡ್ಡು ಕುಣಿಯುತ್ತಿರುತ್ತದೆ. ಕಟ್ಟಲಾಗದವರು ನೆಲ ಮಾರುತ್ತಾರೆ. ಕೊಳ್ಳುವವರು ಇನ್ನೂ ದೊಡ್ಡ ಕುಳಗಳೇ. ಬೇಕಾದದ್ದು ರಾಜ್ಯದ ಹಳೇ ಎಐಟಿ, ಆದರೆ ಗೆರೆ ಎತ್ತರದಲ್ಲಿ, ನಾಲ್ಕೈದು ವರ್ಷದ ಸರಾಸರಿ ಉಳಿಕೆಯ ಮೇಲೆ. ಸರಾಸರಿಯ ಯೋಚನೆ ಹೊಸದೇನಲ್ಲ. 1972ರಲ್ಲೇ ಕೃಷಿ ಆದಾಯ, ಸಂಪತ್ತಿನ ತೆರಿಗೆ ಕುರಿತ ಕೆ.ಎನ್. ರಾಜ್ ಸಮಿತಿ ಜಿಲ್ಲೆ, ಮಣ್ಣು, ಬೆಳೆ ನೋಡಿ, ಹಲವು ವರ್ಷದ ಇಳುವರಿ ಮತ್ತು ಬೆಲೆಯ ಸರಾಸರಿ ಹಿಡಿದು ಹಿಡುವಳಿ ತೆರಿಗೆ ಹಾಕಿ ಅಂದಿತ್ತು. ಅದು ಜಾರಿಗೆ ಬರಲಿಲ್ಲ. ಸಮಿತಿಯ ಇನ್ನೊಂದು ಸಲಹೆ, ಈ ಮಗಳಿಗೆ 2.18 ಲಕ್ಷ ತಂದ ಕೂಡಿಸುವ ಲೆಕ್ಕ, ಅದು ಮಾತ್ರ ಜಾರಿಗೆ ಬಂತು. ಸಂಬಳದವರನ್ನು ಹಿಡಿಯುವುದು ಸುಲಭ ನೋಡಿ.

ದೇಶದ ಬೆಳೆಗಾರರಲ್ಲಿ ಹೆಚ್ಚುಕಮ್ಮಿ ಎಲ್ಲರೂ 10 ಹೆಕ್ಟೇರಿನೊಳಗಿನ ಸಣ್ಣವರು. ಗೆರೆ ಎತ್ತರದಲ್ಲಿದ್ದರೆ ಅವರಿಗೆ ಬಿಸಿ ತಟ್ಟುವುದೇ ಇಲ್ಲ. ಅಣ್ಣ ಇದನ್ನು ಒಪ್ಪಲಿಲ್ಲ. ಬೆಲೆ ಬಿದ್ದಾಗ ಸರ್ಕಾರ ಬರಲಿಲ್ಲ, ಆನೆ ಬಂದಾಗ ಬರಲಿಲ್ಲ, ಏರಿದಾಗ ಮಾತ್ರ ಯಾಕೆ ಬರಬೇಕು ಅಂದರು. ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಆ ಹಣ ಜಿಲ್ಲೆಯ ರಸ್ತೆಗೆ, ಆನೆ ಕಂದಕಕ್ಕೆ ವಾಪಸ್ ಬರುತ್ತದೆ ಅಂತ ಕಾಣಿಸುವ ತನಕ ಯಾವ ಬೆಳೆಗಾರರೂ ಒಪ್ಪುವುದಿಲ್ಲ.

ಏನು ಮಾಡಿದರು

ಕಂಪನಿಯ ಯೋಚನೆ ಕೈಬಿಟ್ಟರು. 42 ಎಕರೆ ಸಾಗು ಜಾಗಕ್ಕೆ ಪಾಲು ಪಟ್ಟಿ ನೋಂದಣಿ ಮಾಡಿಸಿದರು. ಬಾಣೆ ಸದ್ಯಕ್ಕೆ ಒಟ್ಟಿಗೇ ಇರಲಿ ಅಂದರು. 15 ಎಕರೆ ಮಾರುವ ಮಾತಿಗೆ ಅಮ್ಮ ಸಹಿ ಹಾಕಲಿಲ್ಲ. ಪುಡಿ ಮಾಡುವ ಮೆಷಿನ್ನಿಗೆ ಅಣ್ಣ ಕೊಟೇಶನ್ ತರಿಸಿದ್ದಾರೆ, 40%ರ ಲೆಕ್ಕ ಗೊತ್ತಿದ್ದೂ.

ಉಳಿದದ್ದು ಮಗಳ 2,18,400. ಅವರ ಗೆಳೆಯರೊಬ್ಬರು ಕಾಫಿ ಪಾಲನ್ನು ರಿಟರ್ನಿನಲ್ಲಿ ತೋರಿಸಲೇಬೇಡ ಅಂದಿದ್ದರಂತೆ. ಬೇಡ, ಬ್ಯಾಂಕಿಗೆ ಬಂದ ಹಣಕ್ಕೆ ನಾಳೆ ಉತ್ತರ ಹೇಳಬೇಕು ಅಂದೆ. ತೋರಿಸಿದೆವು. ಆ ಹಣ ಯಾರು ಕೊಡಬೇಕು ಅನ್ನುವುದರ ಮೇಲೆ ಮನೆಯಲ್ಲಿ ಒಂದು ಸಂಜೆ ಮಾತಾಯಿತಂತೆ. ತೋಟದಿಂದ ಬಂದ ತೆರಿಗೆ, ತೋಟದ ಖರ್ಚಿಗೇ ಬರೆಯಿರಿ ಅಂತ ಅಮ್ಮ ತೀರ್ಮಾನ ಕೊಟ್ಟರು. ಗೊಬ್ಬರ, ಡೀಸೆಲ್ ಜೊತೆಗೆ ಅದೂ ಒಂದು ಸಾಲಾಗಿ ಸೇರಿತು. ತಲಾ 54,600.

ದುಬೈ ತಮ್ಮ ಗೊಣಗಿದರು. ನನಗೇ ಫೋನ್ ಮಾಡಿ ಕಾನೂನಿನಲ್ಲಿ ಹೀಗಿದೆಯಾ ಅಂತ ಕೇಳಿದರು. ಕಾನೂನಿನಲ್ಲಿಲ್ಲ, ನಿಮ್ಮ ಅಮ್ಮ ಹೇಳಿದ್ದಾರೆ ಅಂದೆ. ಜುಲೈ 31ರೊಳಗೆ ನಾಲ್ಕೂ ಪಾಲಿನ ಹಣ ಮಗಳ ಖಾತೆಗೆ ಬಂತು, ರಿಟರ್ನ್ ಹೋಯಿತು.